ಅತ್ತಿ ಓದದ ಕೊನೇ ಐವತ್ತು ಪುಟ

ಕಥೆ ಹೀಗಿದೆ. ಅವನೊಬ್ಬ ರಾಕ್‌ಸ್ಟಾರ್. ತೋಳ ತುಂಬಾ ಹಚ್ಚೆ, ಕಣ್ಣ ಮೇಲೆ ಬೀಳೋ ಕೂದಲು, ಎದೆಯೊಳಗೊಂದು ಹಳೇ ಗಾಯ. (ಗಾಯ ಇಲ್ಲದ ರಾಕ್‌ಸ್ಟಾರ್‌ನನ್ನ ಕಾದಂಬರಿಯೊಳಗೆ ಬಿಟ್ಟುಕೊಳ್ಳೋದೇ ಇಲ್ಲ ಅನ್ಸುತ್ತೆ.) ಅವಳು ಕೋಟ್ಯಧೀಶನ ಒಬ್ಬಳೇ ಮಗಳು. ಮೊದಲ ಅಧ್ಯಾಯದಲ್ಲಿ ಚಪ್ಪಲಿಗೆ ಕೆಸರು ತಾಗ್ತು ಅಂತ ಡ್ರೈವರ್‌ಗೆ ಬೈತಾಳೆ. ಮೂರನೇ ಅಧ್ಯಾಯದಲ್ಲಿ ಅವನ ಗಿಟಾರಿನ ಮೇಲೆ ಕಾಫಿ ಚೆಲ್ಲಿ ಸಾರಿ ಕೂಡ ಹೇಳದೆ ಹೋಗ್ತಾಳೆ. ಇಪ್ಪತ್ತನೇ ಅಧ್ಯಾಯದ ಹೊತ್ತಿಗೆ ಅದೇ ಹುಡುಗಿ ಟೂರ್ ಬಸ್ಸಿನಲ್ಲಿ ಇಡೀ ಬ್ಯಾಂಡಿಗೆ ಆಮ್ಲೆಟ್ ಹಾಕಿ ಕೊಡ್ತಿರ್ತಾಳೆ. ಶುಭಂ.

ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿರೋ ಅಕ್ಕನ ಮಗಳು ಕಳಿಸಿದ್ದು. "ಮೌಶಿ, ಸಖತ್ತಾಗಿದೆ, ಓದು" ಅಂತ. ಎರಡು ರಾತ್ರಿ ಮೊಬೈಲ್ ಹಿಡಿದು ಓದಿ ಮುಗಿಸಿದೆ. ಇಂಗ್ಲಿಷು ಕಾದಂಬರಿ, ಅಮೆರಿಕದ ಊರುಗಳು, ನಾನು ಕೇಳಿರದ ಹೆಸರಿನ ಮದ್ಯಗಳು. ಆದ್ರೆ ಆ ಹುಡುಗಿ ಮಾತ್ರ ನನಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷದಿಂದ ಗೊತ್ತು. ಅವಳು ನಮ್ಮ ಕರ್ಜಗಿ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಮೇಲೆ, ನಮ್ಮ ಸಣ್ಣತ್ತಿಯ ಕೈಯಲ್ಲಿ ಇರ್ತಿದ್ಲು.

ನಿಮ್ಮಲ್ಲಿ ಎಷ್ಟು ಜನ ಸರ್ಕ್ಯುಲೇಟಿಂಗ್ ಲೈಬ್ರರಿ ಕಾದಂಬರಿಗಳನ್ನ ಓದಿ ಬೆಳೆದಿದ್ದೀರೋ ಗೊತ್ತಿಲ್ಲ. ಓದಿದವರು ಒಪ್ಪಿಕೊಳ್ಳೋದು ಕಡಿಮೆ. ಬ್ಲಾಗಿಗೆ ಬಂದ ಮೇಲೆ ಎಲ್ಲರೂ ಕುವೆಂಪು, ಕಾರಂತ, ತೇಜಸ್ವಿ ಓದಿಯೇ ದೊಡ್ಡವರಾದವರು :) ನಮ್ಮನೆಯಲ್ಲಿ ಮಾತ್ರ ಆ ಸರತಿ ಬೇರೆ ಇತ್ತು. ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ. ಹಾವೇರಿಯ ಒಂದು ಸಣ್ಣ ಅಂಗಡಿಯಿಂದ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ಬರ್ತಿದ್ದವು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಪುಸ್ತಕಕ್ಕೆ ಕಂದು ಕಾಗದದ ರಟ್ಟು, ಬೆನ್ನಿಗೆ ದಾರದ ಹೊಲಿಗೆ. ಆ ಹೊಲಿಗೆ ಎಷ್ಟು ಗಟ್ಟಿ ಅಂದ್ರೆ ಪ್ರತಿ ಸಾಲಿನ ಒಂದೊಂದು ಅಕ್ಷರ ಒಳಗೇ ಸಿಕ್ಕಿಕೊಂಡು, ಅದನ್ನ ನಾವೇ ಊಹಿಸಿಕೊಂಡು ಓದಬೇಕಿತ್ತು.

ಅಂದ ಹಾಗೆ, ನಮ್ಮ ಕಡೆ ಹೆಣ್ಣುಮಕ್ಕಳ ಕೈಗೆ ಕಾದಂಬರಿ ಬಂದಿದ್ದು ಲೈಬ್ರರಿ ಅಂಗಡಿಗಳಿಗಿಂತ ತುಂಬಾ ಹಿಂದೆ. ಇದೇ ಹಾವೇರಿ ಸೀಮೆಯ ಗಳಗನಾಥರು (1869–1942) ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನ ಕನ್ನಡಕ್ಕೆ ತಂದರು. ಪಕ್ಕದ ಅಗಡಿಯ ಆನಂದವನದಿಂದ 1907ರಲ್ಲಿ ಶುರುವಾದ 'ಸದ್ಬೋಧ ಚಂದ್ರಿಕೆ'ಗೂ ದುಡಿದರು. ಅವರ ಪುಸ್ತಕದಲ್ಲಿ ಸದ್ಬೋಧ ಇತ್ತು. ನಮ್ಮ ಸಣ್ಣತ್ತಿಗೆ ಸದ್ಬೋಧದ ಕೊರತೆ ಯಾವತ್ತೂ ಇರಲಿಲ್ಲ, ಅದು ಮನೆಯಲ್ಲೇ ಸಿಗ್ತಿತ್ತು. ಅವಳಿಗೆ ಬೇಕಿದ್ದದ್ದು ದಿಮಾಕಿನ ಹುಡುಗಿ.

ಸಣ್ಣತ್ತಿ ಅಂದ್ರೆ ಅಪ್ಪನ ಕೊನೇ ತಂಗಿ. ಏಳನೇ ಇಯತ್ತೆಗೆ ಶಾಲೆ ಬಿಡಿಸಿದ್ರು. ಹದಿನೆಂಟಕ್ಕೆ ಬ್ಯಾಡಗಿಗೆ ಕೊಟ್ರು. ಕರ್ಜಗಿ, ಹಾವೇರಿ, ಬ್ಯಾಡಗಿ ಮೂರೂ ಒಂದೇ ರೈಲು ಹಾದಿಯ ಸ್ಟೇಷನ್ನುಗಳು, ಹಾಗಾಗಿ ತವರು ದೂರ ಏನಲ್ಲ. ಆದ್ರೂ ಬರ್ತಿದ್ದದ್ದು ವರ್ಷಕ್ಕೆ ಎರಡು ಸಲ, ಕಾರಹುಣ್ಣಿಮೆಗೆ ಮತ್ತು ಪಂಚಮಿಗೆ. ಕಾರಹುಣ್ಣಿಮೆಗೆ ಬಂದ್ರೆ ಎತ್ತಿನ ಮೈ ತೊಳೆಯೋದರಿಂದ ಹಿಡಿದು ಹೋಳಿಗೆ ತನಕ ಕೆಲಸವೇ. ಪಂಚಮಿ ಹಾಗಲ್ಲ. ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳ್ತೀನಿ: ನಾಗರಪಂಚಮಿ ನಮ್ಮಲ್ಲಿ ಕೊಟ್ಟ ಹೆಣ್ಣುಮಕ್ಕಳ ಹಬ್ಬ. ಅಣ್ಣ ಹೋಗಿ ಕರ್ಕೊಂಡು ಬರಬೇಕು. ಹುಣಸೇ ಮರಕ್ಕೆ ಜೋಕಾಲಿ ಕಟ್ಟಬೇಕು. ಶೇಂಗಾ ಉಂಡಿ, ಎಳ್ಳಿನ ಉಂಡಿ, ರವೆ ಉಂಡಿ ಮಾಡಿಡಬೇಕು. ಆ ನಾಲ್ಕು ದಿನ ಮಗಳು ಎದ್ದಾಗ ಎದ್ದಳು, ಉಂಡಾಗ ಉಂಡಳು, ಯಾರೂ ಕೇಳಂಗಿಲ್ಲ. ವರ್ಷದ 365 ದಿನದಲ್ಲಿ ಸಣ್ಣತ್ತಿ ಮುದ್ದಿನ ಮಗಳಾಗಿದ್ದದ್ದು ಆ ನಾಲ್ಕು ದಿನ. ಆ ನಾಲ್ಕು ದಿನವೂ ಅವಳ ಕೈಯಲ್ಲಿ ಕಾದಂಬರಿ ಇರ್ತಿತ್ತು.

ನನಗೆ ಆಗ ಒಂಬತ್ತೋ ಹತ್ತೋ. ಅವಳು ಗಟ್ಟಿಯಾಗಿ ಓದೋಳು, ನಾನು ಕೇಳೋಳು. ಎಲ್ಲಾ ಕಾದಂಬರಿಯಲ್ಲೂ ಒಂದು ಸೀನ್ ಇರೋದು. ಹೀರೋಯಿನ್ನಿಗೆ ಸಿಟ್ಟು ಬಂದಿರುತ್ತೆ. ಊಟದ ಮೇಜಿನಿಂದ ತಟ್ಟೆ ಸರಿಸಿ "ನನಗೆ ಬೇಡ" ಅಂತ ಎದ್ದು ಮಹಡಿ ಹತ್ತಿ ಹೋಗಿ ಬಾಗಿಲು ಹಾಕ್ಕೊಂಡು ಬಿಡ್ತಾಳೆ. ಸ್ವಲ್ಪ ಹೊತ್ತಿಗೆ ಅಪ್ಪ ಹಾಲಿನ ಲೋಟ ಹಿಡ್ಕೊಂಡು ಬಂದು ಬಾಗಿಲು ತಟ್ಟಿ, "ಪುಟ್ಟಾ, ನಿನ್ನ ಮೇಲೆ ಯಾರಾದ್ರೂ ಸಿಟ್ಟು ಮಾಡ್ತಾರಾ" ಅಂತಾನೆ. ಈ ಭಾಗ ಬಂದ್ರೆ ಸಣ್ಣತ್ತಿ ಎರಡು ಸಲ ಓದೋಳು. ಓದಿ, ಪುಸ್ತಕ ಎದೆ ಮೇಲೆ ಮಗುಚಿ ಇಟ್ಕೊಂಡು, "ನೋಡ್ಲೇ, ತಾಟು ಸರಿಸಿ ಹೋಗ್ಯಾಳ, ಆಮ್ಯಾಲೆ ಹಾಲು ತಂದು ಕೊಡತಾನ!" ಅಂತಿದ್ಲು. ಅವಳಿಗೆ ಆ ಕಾರು, ಬಂಗಲೆ, ಶಿಫಾನ್ ಸೀರೆ ಯಾವುದೂ ದೊಡ್ಡದಾಗಿ ಕಂಡಿರಲಿಲ್ಲ. ಆ ಹಾಲಿನ ಲೋಟ ಕಂಡಿತ್ತು. "ನಾ ಉಣ್ಣಂಗಿಲ್ಲ ಅಂದ್ರ ನಮ್ಮವ್ವ ತಾಟು ಎತ್ತಿ ನೆಲವಿನ ಮ್ಯಾಲ ಇಡತಿದ್ಲು. ಮುಂಜಾನೆ ಅದ ರೊಟ್ಟಿ." ಇದನ್ನ ಹೇಳುವಾಗ ಅವಳಿಗೆ ಬೇಜಾರಿರಲಿಲ್ಲ, ನಗ್ತಿದ್ಲು.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ, ಗಮನಿಸಿದ್ದೀರಾ? ಹುಡುಗ ಹಟ ಮಾಡಿದ್ರೆ "ಲಾಡಿನ್ಯಾಗ ಬೆಳದಾನ". ಹುಡುಗಿ ಹಟ ಮಾಡಿದ್ರೆ "ಸೊಕ್ಕು ಬಂದೈತಿ". ಲಾಡು ಅಂದ್ರೆ ಬೇರೆಯವರು ಕೊಟ್ಟದ್ದು, ತಪ್ಪು ಕೊಟ್ಟವರದ್ದು. ಸೊಕ್ಕು ಅವಳದ್ದೇ, ಅವಳೇ ಇಳಿಸಿಕೊಳ್ಳಬೇಕು. ಇಲ್ಲಾ ಯಾರಾದ್ರೂ ಬಂದು ಇಳಿಸಬೇಕು. ಆ ಯಾರಾದ್ರೂ ಅನ್ನೋನೇ ಹೀರೋ.

ಈ ಹೀರೋ ಹಾಡುಗಾರನೋ ಸಿನಿಮಾ ನಟನೋ ಆಗಿದ್ದರೆ ರುಚಿ ಜಾಸ್ತಿ. ಊರಿಗೆಲ್ಲ ಬೇಕಾದವನು ಇವಳೊಬ್ಬಳನ್ನೇ ನೋಡ್ತಾನೆ ಅನ್ನೋದೇ ಮಜಾ. ರಾಕ್‌ಸ್ಟಾರ್ ಕಾದಂಬರಿಯ ಗುಟ್ಟೂ ಇದೇ ತಾನೇ? ನಮ್ಮಲ್ಲಿ ಗಿಟಾರ್ ಇರಲಿಲ್ಲ, ಅಷ್ಟೇ. ಗಂಭೀರ ಸಾಹಿತ್ಯದಲ್ಲೂ ಅವನು ಇದ್ದ. ಅನಕೃ 'ಸಂಧ್ಯಾರಾಗ'ದಲ್ಲಿ ಸಂಗೀತಗಾರನನ್ನ ತಂದ್ರು, 1966ರ ಸಿನಿಮಾದಲ್ಲಿ ರಾಜಕುಮಾರ್ ಆ ಪಾತ್ರ ಮಾಡಿದ್ರು, ನಮ್ಮ ಗದಗಿನ ಭೀಮಸೇನ ಜೋಶಿ ಹಾಡಿದ್ರು. ಭೈರಪ್ಪನವರ 'ಮಂದ್ರ'ದ ಮೋಹನಲಾಲನಂತೂ ಹಚ್ಚೆ ಇಲ್ಲದ ರಾಕ್‌ಸ್ಟಾರೇ. ಹಾಡು ದೊಡ್ಡದು, ನಡತೆ ಸಣ್ಣದು. ಅದಕ್ಕೆ 2010ರ ಸರಸ್ವತಿ ಸಮ್ಮಾನ್ ಬಂತು. ಆದ್ರೆ ಇವೆಲ್ಲ ಅವನ ಕಥೆಗಳು. ಲೈಬ್ರರಿ ಕಾದಂಬರಿ ಮಾತ್ರ ಅವಳಿಂದ ಶುರುವಾಗ್ತಿತ್ತು, ಮೊದಲ ನೂರು ಪುಟ ಅವಳದೇ ದರ್ಬಾರು.

ಅಂಥ ಒಂದು ಕಾದಂಬರಿಯ ಕಥೆ ಹೇಳ್ತೀನಿ ಕೇಳಿ. ಕಾದಂಬರಿಯೊಳಗಿನ ಕಥೆ ಬೇಡ, ಆ ಕಾದಂಬರಿಗೆ ಆಮೇಲೆ ಏನಾಯ್ತು ಅನ್ನೋದು. ಎಚ್.ಜಿ. ರಾಧಾದೇವಿಯವರು 'ಅನುರಾಗದ ಅಂತಃಪುರ' ಅಂತ ಬರೆದ್ರು. 1986ರಲ್ಲಿ ಅದು 'ಅನುರಾಗ ಅರಳಿತು' ಅಂತ ಸಿನಿಮಾ ಆಯ್ತು, ಎಂ.ಎಸ್. ರಾಜಶೇಖರ್ ನಿರ್ದೇಶನ. ದುಡ್ಡಿನ ಅಹಂಕಾರ ನೆತ್ತಿಗೇರಿದ ಒಡತಿ ಮಾಧವಿ, ಕೈಗೆ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ ರಾಜಕುಮಾರ್, ಇನ್ನೊಂದು ಕಡೆ ಗೀತಾ. ಅಣ್ಣಾವ್ರಿಗಿಂತ ದೊಡ್ಡ ರಾಕ್‌ಸ್ಟಾರ್ ಕನ್ನಡಕ್ಕೆ ಯಾರಿದ್ರು ಹೇಳಿ? ನಟಿಸೋದೂ ಅವರೇ, ಹಾಡೋದೂ ಅವರೇ. ಸಿನಿಮಾ ಓಡ್ತು. ಆಮೇಲೆ ಈ ಕಥೆ ಕರ್ನಾಟಕ ಬಿಟ್ಟು ಹೊರಟಿತು. 1992ರಲ್ಲಿ ತಮಿಳಿನಲ್ಲಿ 'ಮನ್ನನ್', ರಜನೀಕಾಂತ್ ಮತ್ತು ವಿಜಯಶಾಂತಿ. ಅದೇ ವರ್ಷ ತೆಲುಗಿನಲ್ಲಿ 'ಘರಾನಾ ಮೊಗುಡು', ಚಿರಂಜೀವಿ ಮತ್ತು ನಗ್ಮಾ. 1994ರಲ್ಲಿ ಹಿಂದಿಯಲ್ಲಿ 'ಲಾಡ್ಲಾ', ಅನಿಲ್ ಕಪೂರ್ ಮತ್ತು ಶ್ರೀದೇವಿ. (ಮೊದಲು ದಿವ್ಯಾ ಭಾರತಿ ಮಾಡ್ತಿದ್ದ ಪಾತ್ರ ಅದು, 1993ರಲ್ಲಿ ಆ ಹುಡುಗಿ ತೀರಿಕೊಂಡ ಮೇಲೆ ಶ್ರೀದೇವಿ ಬಂದ್ರು.) ಒಬ್ಬ ಕನ್ನಡ ಹೆಂಗಸು ಬರೆದ ದಿಮಾಕಿನ ಹುಡುಗಿ ನಾಲ್ಕು ಭಾಷೆಯ ನಾಲ್ಕು ದೊಡ್ಡ ಸ್ಟಾರ್‌ಗಳ ಎದುರು ನಿಂತಳು. ನಮ್ಮ ವಿಮರ್ಶಕರು ಇದರ ಬಗ್ಗೆ ಎಷ್ಟು ಬರೆದಿದ್ದಾರೆ ನೋಡಿ ಹೇಳಿ!

ಈಗ ಆ ಹೆಸರುಗಳನ್ನ ಇನ್ನೊಂದು ಸಲ ಓದಿ. ಮನ್ನನ್ ಅಂದ್ರೆ ರಾಜ. ಮೊಗುಡು ಅಂದ್ರೆ ಗಂಡ. ಲಾಡ್ಲಾ ಅಂದ್ರೆ ಮುದ್ದಿನ ಮಗ. ನನಗೆ ಇದು ಹೊಳೆದ ದಿನ ಜೋರಾಗಿ ನಗು ಬಂತು. ಇಡೀ ಸಿನಿಮಾ ಇರೋದು ಮುದ್ದಿನಿಂದ ಕೆಟ್ಟ ಹೆಣ್ಣಿನ ಸೊಕ್ಕು ಮುರಿಯೋದರ ಬಗ್ಗೆ. ಹೆಸರು ಮಾತ್ರ ಅಮ್ಮನ ಮುದ್ದಿನ ಮಗನದು. ಅವನ ಲಾಡು ಶೀರ್ಷಿಕೆಯಾಯ್ತು, ಇವಳ ಲಾಡು ರೋಗವಾಯ್ತು! ಕನ್ನಡದ ಸಿನಿಮಾದಲ್ಲಿ ಅನುರಾಗ ಆದ್ರೂ ಉಳಿದಿತ್ತು. ಕಾದಂಬರಿಯ ಹೆಸರಿನಲ್ಲಿ ಅಂತಃಪುರ ಇತ್ತು, ಹೆಣ್ಣಿನ ಜಾಗ. ಕಥೆ ಒಂದೊಂದು ರಾಜ್ಯ ದಾಟಿದ ಹಾಗೂ ಅವಳ ಜಾಗ ಸಣ್ಣದಾಗ್ತಾ ಹೋಯ್ತು ಅಂತ ನನ್ನ ಅನಿಸಿಕೆ. ಸಿನಿಮಾ ಪಂಡಿತರು ಜಗಳಕ್ಕೆ ಬನ್ನಿ, ಕಾಮೆಂಟು ತೆರೆದಿದೆ.

ವಿಜಯಶಾಂತಿಯ ವಿಷಯ ನೆನೆದ್ರೆ ಇನ್ನೂ ವಿಚಿತ್ರ. 1990ರ 'ಕರ್ತವ್ಯಂ'ನಲ್ಲಿ ಪೊಲೀಸ್ ಆಫೀಸರ್ ಆಗಿ ಗಂಡಸರನ್ನೆಲ್ಲ ಬಡಿದು ರಾಷ್ಟ್ರಪ್ರಶಸ್ತಿ ತಗೊಂಡವಳು, ಎರಡೇ ವರ್ಷಕ್ಕೆ ರಜನಿ ಎದುರು ಬಗ್ಗಬೇಕಾಯ್ತು. ನಮ್ಮ ಮಾಲಾಶ್ರೀಯದು ಉಲ್ಟಾ ದಾರಿ. ಅದೇ ರಾಜಶೇಖರ್ 1989ರಲ್ಲಿ 'ನಂಜುಂಡಿ ಕಲ್ಯಾಣ' ಮಾಡಿದ್ರಲ್ಲ, ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕದಿಂದ. ಆ ನಾಟಕ ಬಂದಿದ್ದು ಶೇಕ್ಸ್‌ಪಿಯರನ 'ಟೇಮಿಂಗ್ ಆಫ್ ದಿ ಶ್ರೂ'ನಿಂದ. ಅಂದ್ರೆ ದಿಮಾಕಿನ ಹುಡುಗಿಯನ್ನ ಪಳಗಿಸೋ ಧಂದೆ ನಾಲ್ಕು ನೂರು ವರ್ಷದ್ದು, ನಾವು ಸುಮ್ಮನೆ ಅಣ್ಣಾವ್ರ ಮನೆಯವರನ್ನ ಬೈಯೋದು ಬೇಡ. ಮಾಲಾಶ್ರೀ ಪಳಗಿಸಿಕೊಳ್ಳೋ ಹುಡುಗಿಯಾಗಿ ಬಂದಳು. 1991ಕ್ಕೆ 'ಎಸ್.ಪಿ. ಭಾರ್ಗವಿ' ಆಗಿ ಲಾಠಿ ಹಿಡಿದಳು. ಸಣ್ಣತ್ತಿಗೆ ಆಕೆ ಅಂದ್ರೆ ಪ್ರಾಣ. "ಆಕೀಗೆ ಕೈ ಎತ್ತಲಿ ನೋಡೂಣು ಯಾರರೇ" ಅಂತಿದ್ಲು.

ಸಣ್ಣತ್ತಿ ಜೊತೆ ಸಿನಿಮಾಕ್ಕೆ ಹೋಗೋದು ಒಂದು ಶಿಕ್ಷೆ ಅಂತ ನಮ್ಮನೆಯಲ್ಲಿ ಪ್ರಸಿದ್ಧಿ. ಕ್ಲೈಮ್ಯಾಕ್ಸಿಗೆ ಹತ್ತು ಹದಿನೈದು ನಿಮಿಷ ಇರುವಾಗಲೇ ಎದ್ದುಬಿಡ್ತಿದ್ಲು. "ಬಸ್ಸು ತಪ್ಪತೈತಿ, ಏಳ್ರಿ." ಹಾವೇರಿಯಿಂದ ಕರ್ಜಗಿಗೆ ಕೊನೇ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರ್ತಿತ್ತು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಶೇಂಗಾ ತಿಂತಾ, ಕೊನೆಗೆ ಏನಾಯ್ತೋ ಅಂತ ನಾವು ಮಕ್ಕಳು ಒದ್ದಾಡ್ತಿದ್ವಿ. ಅವಳು ಆರಾಮಾಗಿ ಮಾಧವಿ ಉಟ್ಟ ಸೀರೆ ಬಗ್ಗೆ ಮಾತಾಡ್ತಿದ್ಲು.

ಪುಸ್ತಕದ ವಿಷಯದಲ್ಲೂ ಹೀಗೇ. ಪಂಚಮಿಯ ನಾಲ್ಕನೇ ದಿನ ಅರ್ಧ ಓದಿದ ಕಾದಂಬರಿಯನ್ನ ಉಂಡಿ ಡಬ್ಬಿಯ ಜೊತೆ ಗಂಟು ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿ ಬ್ಯಾಡಗಿಗೆ ಹೋಗ್ತಿದ್ಲು. ಮುಂದಿನ ಸಲ ಬಂದಾಗ "ಅತ್ತಿ, ಆಮೇಲೆ ಏನಾತು?" ಅಂದ್ರೆ "ಏನಾಗತೈತಿ, ಲಗ್ನಾತು" ಅಂದುಬಿಡೋಳು.

ಇದಕ್ಕೆ ಸಾಕ್ಷಿ ಸಿಕ್ಕಿದ್ದು ಮೊನ್ನೆ ಮೊನ್ನೆ. ಅದನ್ನ ಹೇಳೋಕೆ ಮುಂಚೆ ಬ್ಯಾಡಗಿಯ ಬಗ್ಗೆ ಎರಡು ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಖಾರ ಕಡಿಮೆ, ಬಣ್ಣ ಜಾಸ್ತಿ. ಲಿಪ್‌ಸ್ಟಿಕ್ಕಿಗೂ ಅದರ ಬಣ್ಣ ಹೋಗುತ್ತೆ ಅಂತಾರೆ. ಮಾರ್ಕೆಟ್ಟಿಗೆ ಬಂದ ಕಾಯಿಯ ತೊಟ್ಟು ಬಿಡಿಸೋದು ಹೆಂಗಸರ ಕೆಲಸ. ಗುಡ್ಡೆ ಗುಡ್ಡೆ ಕೆಂಪು ಕಾಯಿಯ ನಡುವೆ ಕೂತು ದಿನವಿಡೀ ಬಿಡಿಸಬೇಕು, ಕೂಲಿ ಕಿಲೋ ಲೆಕ್ಕ. ಸಣ್ಣತ್ತಿ ಇಪ್ಪತ್ತೈದು ವರ್ಷ ಆ ಕೆಲಸ ಮಾಡಿದಳು. ಖಾರ ಕಡಿಮೆ ಅಂತ ಪೇಟೆಯವರು ಹೇಳೋದು. ದಿನಕ್ಕೆ ಎಂಟು ತಾಸು ಅದರಲ್ಲಿ ಕೈ ಆಡಿಸಿದವರನ್ನ ಕೇಳಿ. ಸಂಜೆ ಮಗುವನ್ನ ಎತ್ಕೊಳ್ಳೋಕೂ ಮೊದಲು ಎಣ್ಣೆ ಹಚ್ಚಿ ಕೈ ತಿಕ್ಕಬೇಕು. ಆ ಕೆಂಪು ಆದ್ರೂ ಹೋಗಲ್ಲ, ಉಗುರಿನ ಸಂದಿಯಲ್ಲಿ ಉಳಿಯುತ್ತೆ.

ಜನವರಿ 2023ರಲ್ಲಿ ಹಾವೇರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, 6ರಿಂದ 8ರ ತನಕ. ನಾನೂ ಹೋಗಿದ್ದೆ. ಪುಸ್ತಕ ಮಳಿಗೆಗಳಲ್ಲಿ ಧೂಳು ಕುಡೀತಾ ಸುತ್ತಾಡಿ, ಒಂದು ಕಡೆ ರಾಧಾದೇವಿಯವರ ಪುಸ್ತಕ ಇದೆಯಾ ಅಂತ ಕೇಳಿದೆ. ಅಂಗಡಿಯ ಹುಡುಗ ನನ್ನನ್ನೊಮ್ಮೆ ನೋಡಿ ಪಕ್ಕದವನಿಗೆ "ಹಳೇ ಲೇಡೀಸ್ ಕಾದಂಬರಿ ಕೇಳ್ತಿದಾರೆ" ಅಂದ. ಲೇಡೀಸ್ ಕಾದಂಬರಿ! ಜೆಂಟ್ಸ್ ಕಾದಂಬರಿ ಯಾವ ಕಡೆ ಇಟ್ಟಿದ್ದೀಯಪ್ಪಾ ಅಂತ ಕೇಳಬೇಕು ಅನ್ಸಿತು, ಗದ್ದಲ ಇತ್ತು, ಬಿಟ್ಟೆ. ಅಲ್ಲಿಂದ ನೇರ ಬ್ಯಾಡಗಿಗೆ ಹೋದೆ. ಸಣ್ಣತ್ತಿ ಈಗ ಅರವತ್ತೈದು ದಾಟಿದವಳು, ಮಗನ ಮನೆಯಲ್ಲಿದಾಳೆ. ಅಟ್ಟದ ಮೇಲಿನ ಟ್ರಂಕ್ ತೋರಿಸಿ "ನಿಂಗ ಬೇಕಿದ್ರ ತಗೊಂಡ್ ಹೋಗು, ಇಲಿ ತಿಂತಾವು" ಅಂದಳು.

ಟ್ರಂಕಿನಲ್ಲಿ ಹದಿನೇಳು ಕಾದಂಬರಿ ಇದ್ದವು. ಲೈಬ್ರರಿ ಮುಚ್ಚುವಾಗ ತೂಕಕ್ಕೆ ಕೊಟ್ಟದ್ದಂತೆ. ಅರ್ಧಕ್ಕೆ ಮುಖಪುಟ ಇಲ್ಲ, ಹೆಸರೂ ಇಲ್ಲ. ಒಂದನ್ನ ತೆರೆದ್ರೆ ಪುಟದ ಕೆಳಗಿನ ಮೂಲೆಯಲ್ಲಿ ಕೆಂಪು ಹೆಬ್ಬೆರಳ ಗುರುತು. ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಆದ್ರೆ ರೇಖೆ ಸಮೇತ ಕಾಣ್ತಿತ್ತು. ಮಧ್ಯಾಹ್ನದ ರೊಟ್ಟಿ ಹೊತ್ತಿನಲ್ಲಿ ಕಾಯಿಯ ಗುಡ್ಡೆ ಪಕ್ಕ ಕೂತು ಓದಿದ್ದು. ಪುಟ 3, 5, 7... ಮಗುಚಿದಲ್ಲೆಲ್ಲ ಒಂದೊಂದು ಗುರುತು. ಹಾಲಿನ ಲೋಟದ ಸೀನ್ ಬಂದ ಪುಟದಲ್ಲಿ ಮೂರು ನಾಲ್ಕು ಗುರುತು ಒಂದರ ಮೇಲೊಂದು. ನೂರಾ ನಲವತ್ತರ ಹತ್ತಿರ ಬಂದು ನಿಂತುಬಿಡ್ತು. ಅಲ್ಲಿಂದಾಚೆ ಕೊನೇ ತನಕ ಪುಟಗಳು ಬೆಳ್ಳಗಿದ್ದವು. ಇನ್ನೊಂದು ತೆಗೆದೆ, ಅದೂ ಹಾಗೇ. ಹದಿನೇಳರಲ್ಲಿ ಹದಿನಾಲ್ಕು ಹಾಗೇ. ಗುರುತು ನಿಂತಲ್ಲಿ ಏನಿದೆ ಅಂತ ಓದಿದೆ. ಒಂದರಲ್ಲಿ ಹೀರೋ ಅವಳ ಕೆನ್ನೆಗೆ ಬಾರಿಸ್ತಾನೆ. ಒಂದರಲ್ಲಿ ಅಪ್ಪನಿಗೆ ಹೃದಯಾಘಾತ ಆಗಿ ಅವಳಿಗೆ ಬುದ್ಧಿ ಬರುತ್ತೆ. ಒಂದರಲ್ಲಿ ಅವಳೇ ಅತ್ತೆಯ ಕಾಲು ಹಿಡಿದು ಕ್ಷಮೆ ಕೇಳ್ತಾಳೆ. ಅಲ್ಲಿಗೆ ಸಣ್ಣತ್ತಿ ಪುಸ್ತಕ ಮುಚ್ಚಿದ್ದಾಳೆ.

ಸ್ವಲ್ಪ ಬೇರೆ ಕಡೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ, ನಮ್ಮೂರಿನದೇ ವಿಷಯ. ಆ ಟ್ರಂಕಿನ ಮುಂದೆ ಕೂತಾಗ ನನಗೆ ನೆನಪಾಗಿದ್ದು ಕರ್ಜಗಿ ದಾಸಪ್ಪನವರು. ದಾಸಸಾಹಿತ್ಯ ಓದಿದವರಿಗೆ ಗೊತ್ತು, ಅವರ ಅಂಕಿತ ಶ್ರೀದವಿಠಲ. ಜಗನ್ನಾಥದಾಸರ (1728–1809) ಶಿಷ್ಯರು. 'ಹರಿಕಥಾಮೃತಸಾರ'ದ ಕೊನೆಗೆ ಹಾಡೋ ಫಲಶ್ರುತಿ ಇವರದೇ. ಅಜ್ಜಿ ಹೇಳ್ತಿದ್ದ ಕಥೆ ಪ್ರಕಾರ ದಾಸಪ್ಪನವರು ಮೊದಲು ಉಳ್ಳವರ ಮನೆಯ ಮಗ, ಚೆಲುವ, ಸಂಗೀತದ ಹುಚ್ಚು. ಮನೆ ಬಿಟ್ಟು ಒಬ್ಬ ನರ್ತಕಿಯ ಮನೆಯಲ್ಲೇ ಇರ್ತಿದ್ರಂತೆ. ಜಗನ್ನಾಥದಾಸರು ಊರಿಗೆ ಬಂದವರು ಅವರನ್ನ ಕರೆಸಿ, ಬೈಯದೆ, ಆ ಹಾಡಿನ ಹುಚ್ಚನ್ನೇ ಹರಿಯ ಕಡೆ ತಿರುಗಿಸಿದ್ರಂತೆ. ಇನ್ನೂರು ವರ್ಷದ ಹಿಂದಿನ ನಮ್ಮೂರಿನ ರಾಕ್‌ಸ್ಟಾರ್ ಅಂತ ನಾನು ಅಂದ್ರೆ ಅಜ್ಜಿ ಇದ್ದಿದ್ರೆ ಸವುಟಿನಿಂದ ಹೊಡೀತಿದ್ಲು. ನಾನು ಗೌರವದಿಂದಲೇ ಹೇಳ್ತಿರೋದು. ರಾಕ್ ಅಂದ್ರೆ ನಮ್ಮ ಜಿಲ್ಲೆಗೇನೂ ಹೊರಗಿನದಲ್ಲ. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಹಾಡಿದ ಗುಡುಗುಡಿ ಸೇದೋ ಪದ ಶಿಗ್ಗಾಂವಿ ಕಡೆಯ ಶಿಶುನಾಳ ಶರೀಫಜ್ಜನದು (1819–1889).

ದಾಸಪ್ಪನವರ ಕಥೆ ನನಗೆ ಇಷ್ಟ. ಲಾಡಿನ್ಯಾಗ ಬೆಳೆದ ಮನುಷ್ಯ, ಯಾರೂ ಕೆನ್ನೆಗೆ ಹೊಡೀಲಿಲ್ಲ, ಯಾರ ಕಾಲೂ ಹಿಡಿಸಲಿಲ್ಲ. ಇದ್ದ ಗುಣವನ್ನೇ ದೊಡ್ಡದು ಮಾಡಿದ್ರು. ಹಾಡೋದು ನಿಲ್ಲಿಸಬೇಕಾಗಲಿಲ್ಲ, ಹೆಸರು ಇನ್ನೂ ದೊಡ್ಡದಾಯ್ತು. ಆ ನರ್ತಕಿ? ಅಜ್ಜಿಯನ್ನ ಚಿಕ್ಕವಳಿದ್ದಾಗ ಕೇಳಿದ್ದೆ, "ಆಕಿ ಏನಾದ್ಲು?" "ಆಕೀದೇನೈತಿ" ಅಂದಿದ್ಲು ಅಜ್ಜಿ. ನಾನು ಕೇಳಿದ ಯಾವ ಹೇಳಿಕೆಯಲ್ಲೂ ಆಕೆಗೊಂದು ಹೆಸರಿಲ್ಲ. ಆಕೆಗೂ ಹಾಡು ಬರ್ತಿತ್ತು, ಕುಣಿತ ಬರ್ತಿತ್ತು. ಆಕೆಯ ಮನೆಯಲ್ಲೇ ತಾನೇ ಅವರು ಸಂಗೀತ ಕೇಳ್ತಾ ಕೂತಿದ್ದು?

'ರಾಕ್‌ಸ್ಟಾರ್' ಅಂತ 2011ರಲ್ಲಿ ಹಿಂದಿ ಸಿನಿಮಾ ಬಂತು, ನೋಡಿರ್ತೀರಿ. ಹುಡುಗನ ಎದೆ ಒಡೆದರೆ ಒಳ್ಳೇ ಹಾಡು ಬರುತ್ತೆ ಅಂತ ಯಾರೋ ಹೇಳ್ತಾರೆ. ಎದೆ ಒಡೆಯೋದೇನೋ ಅವನದೇ, ಆಸ್ಪತ್ರೆ ಸೇರೋದು ಹೀರ್. ಬೆಂಗಳೂರಿನ ಕೂಸು ಕಳಿಸಿದ ಕಾದಂಬರಿಯಲ್ಲಿ ಯಾರೂ ಸಾಯಲ್ಲ, ಅಷ್ಟು ಮಟ್ಟಿಗೆ ಕಾಲ ಸುಧಾರಿಸಿದೆ. ಹೊಡೆಯೋದೂ ಇಲ್ಲ. ಅವನ ಕುಡಿತ, ಗಲಾಟೆ, ಕೋಣೆ ಒಡೆಯೋದು ಎಲ್ಲಾ 'ಗಾಯ'ದ ಲೆಕ್ಕಕ್ಕೆ ಹೋಗುತ್ತೆ, ಅದನ್ನ ಅವಳು ಪ್ರೀತಿಯಿಂದ ತಿಳ್ಕೋಬೇಕು. ಅವಳು ಕಾಫಿ ಚೆಲ್ಲಿದ್ದು ಮಾತ್ರ ಸೊಕ್ಕು, ಆಮ್ಲೆಟ್ ಹಾಕಿ ತೀರಿಸಬೇಕು. ಹೋಟೆಲ್ ಕೋಣೆಯ ಟೀವಿ ಒಡೆದದ್ದಕ್ಕೆ ಅವನು ಎಷ್ಟು ಆಮ್ಲೆಟ್ ಹಾಕಬೇಕು ಅಂತ ಲೆಕ್ಕ ಯಾರೂ ಕೇಳಲ್ಲ.

ಹಾಗಂತ ಈ ಹೀರೋಯಿನ್‌ಗಳು ಒಳ್ಳೆಯವರು ಅಂತ ನಾನು ವಾದ ಮಾಡ್ತಿಲ್ಲ. ಡ್ರೈವರ್‌ಗೆ ಬೈಯೋಳು, ಕೆಲಸದವಳ ಮೇಲೆ ತಟ್ಟೆ ಎಸೆಯೋಳು ನಿಜ ಜೀವನದಲ್ಲಿ ಸಿಕ್ಕರೆ ನಾನೂ ನಾಲ್ಕು ಮಾತು ಆಡೋಳೇ. ಮೆಣಸಿನಕಾಯಿ ಬಿಡಿಸೋ ಹೆಂಗಸು ಅಂಥವಳ ಕಥೆ ಯಾಕೆ ಓದಬೇಕು, ಅವಳಿಗೆ ಸಿಟ್ಟು ಬರಬೇಕಲ್ವಾ ಅಂತ ನಮ್ಮ ಪ್ರಗತಿಪರ ಗೆಳೆಯರೊಬ್ಬರು ಕೇಳಿದ್ರು. ಕಾದಂಬರಿಯಲ್ಲಿ ಇನ್ಯಾವ ಹೆಣ್ಣಿದ್ದಳು ಹೇಳಿ? ತಾಳ್ಮೆಯ ಅತ್ತಿಗೆ, ತ್ಯಾಗಮಯಿ ಅಕ್ಕ. ಅದು ಸಣ್ಣತ್ತಿಗೆ ಕನ್ನಡಿಯಲ್ಲೇ ಕಾಣ್ತಿತ್ತು. 'ಬೇಡ' ಅನ್ನೋ ಹೆಣ್ಣು ಆ ಪುಸ್ತಕಗಳಲ್ಲಿ ಇವಳೊಬ್ಬಳೇ. 'ಬೇಡ' ಅನ್ನೋಕೆ ಇವಳಿಗೆ ಅಪ್ಪನ ಕೋಟಿ ಬೇಕಾಯ್ತು ಅನ್ನೋದು ಕಾದಂಬರಿ ಬರೆದವರ ತಪ್ಪೋ ಊರಿನ ತಪ್ಪೋ ನೀವೇ ಯೋಚಿಸಿ.

ಅವತ್ತು ಬ್ಯಾಡಗಿಯಲ್ಲಿ ಸಣ್ಣತ್ತಿಗೆ ಪುಟ ತೋರಿಸಿ ಕೇಳಿದೆ, "ಇಲ್ಲಿಗೇ ಯಾಕ ಬಿಟ್ಟಿ? ಮುಂದ ಓದ್ಲಿಲ್ಲ?" ಕನ್ನಡಕ ಸರಿ ಮಾಡ್ಕೊಂಡು ತನ್ನದೇ ಹೆಬ್ಬೆರಳು ನೋಡಿ ನಕ್ಕಳು. "ಮುಂದೇನ ಆಗತೈತಿ ಅನ್ನೋದು ನಂಗ ಗೊತ್ತಿತ್ತಲ್ಲವಾ. ಅದನ್ನ ದಿನಕ್ಕ ನಾಕಾಣೆ ಕೊಟ್ಟು ಯಾಕ ಓದ್ಲಿ?"

ಸೊಸೆ ಚಹಾ ತಂದಳು. ಮಾತು ಧಾರಾವಾಹಿ ಕಡೆ ಹೊರಳಿತು. ಸಂಜೆಯ ಧಾರಾವಾಹಿಗಳಲ್ಲಿ ದಿಮಾಕಿನ ಹುಡುಗಿಗೆ ಪೂರಾ ವಿಲನ್ ಪಟ್ಟ ಕಟ್ಟಿಬಿಟ್ಟಿದ್ದಾರೆ, ನೋಡಿದ್ದೀರಲ್ಲ? ಸಣ್ಣತ್ತಿ ವಿಲನ್ ಪಾರ್ಟಿ. ಹೀರೋಯಿನ್ ಅಳೋಕೆ ಶುರು ಮಾಡಿದ್ರೆ ರಿಮೋಟ್ ಒತ್ತಿ ಬೇರೆ ಚಾನೆಲ್ ಹಾಕ್ತಾಳಂತೆ, ಸೊಸೆಗೂ ಅವಳಿಗೂ ದಿನಾ ಅದೇ ಜಗಳ. "ಅತ್ತೀರಿಗೆ ಕೆಟ್ಟಾಕೀನ ಬೇಕ್ರಿ" ಅಂತ ಸೊಸೆ ನನ್ನ ಹತ್ರ ದೂರು ಕೊಟ್ಟಳು.

ಈ ಸಲದ ಪಂಚಮಿಗೆ ಅವಳು ಕರ್ಜಗಿಗೆ ಬಂದಿದ್ಲು. ಜೋಕಾಲಿ ಕಟ್ಟೋ ಮರ ಈಗಿಲ್ಲ, ಉಂಡಿ ಹಾವೇರಿ ಬೇಕರಿಯದು. ಈಚೆಗೆ ಒಬ್ಬ ಹೊಸ ಲೇಖಕಿ ಬರೆದ ಕಾದಂಬರಿ ಕೊಂಡಿದ್ದೆ, ಅಕ್ಷರ ದಪ್ಪ ಇತ್ತು, ಅವಳಿಗೆ ಕೊಟ್ಟೆ. ಅದರಲ್ಲೂ ಹಟಮಾರಿ ಹುಡುಗಿ, ಅವಳೇ ಹಾಡುಗಾರ್ತಿ. ಸಣ್ಣತ್ತಿ ಪುಸ್ತಕ ತಿರುವಿ ನೋಡಿ, ಕೈಯಲ್ಲೇ ತೂಗಿ, "ಎಷ್ಟನೇ ಪುಟಕ್ಕ ಹೊಡೀತಾನ?" ಅಂತ ಕೇಳಿದಳು.

"ಇದರಾಗ ಹೊಡಿಯೂದಿಲ್ಲ ಅತ್ತಿ."

"ಕಾಲು ಹಿಡೀತಾಳನ?"

"ಊಹೂಂ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. "ಕೊಡು, ನೋಡೂಣು" ಅಂತ ಉಂಡಿ ಡಬ್ಬಿಯ ಪಕ್ಕ ಚೀಲದಲ್ಲಿ ಇಟ್ಕೊಂಡಳು. ತೊಟ್ಟು ಬಿಡಿಸೋ ಕೆಲಸ ನಿಲ್ಲಿಸಿ ಹತ್ತು ವರ್ಷದ ಮೇಲಾಯ್ತು, ಕೈ ಈಗ ಸ್ವಚ್ಛ. ಎಲ್ಲಿ ತನಕ ಓದಿದಳು ಅಂತ ಪುಟ ನೋಡಿ ಹೇಳೋಕಾಗಲ್ಲ. ಭಾನುವಾರ ಫೋನ್ ಮಾಡಿ ಕೇಳಬೇಕು.